ಇಬ್ಬನಿ ಮೇಲಿನ ಎರಡು ಕಾಲು

ಮಾಚಯ್ಯ ಸಾರ್, ನಿಮ್ಮ ಮುಖ ನಾನು ಸರಿಯಾಗಿ ನೋಡಿಲ್ಲ.
ನೋಡಿರೋದೆಲ್ಲ ಕಾಲು.

ತಳಿ ರಸ್ತೆಯಲ್ಲಿ ಆರೂಕಾಲರ ಮಿನಿಬಸ್ ಇಳಿದು
ಮರಳಿನ ಬಕೀಟು ಹೊತ್ತು ಎರಡನೇ ಗುಂಡಿ ಹತ್ತಿರ ಬರೋ ಹೊತ್ತಿಗೆ
ನೀವು ಚೆಂಡು ಹೊಡೆದು ಮುಂದೆ ಹೋಗಿರ್ತೀರಿ.
ಇಬ್ಬನಿ ಮೇಲೆ ನೀವು ನಿಂತಿದ್ದ ಜಾಗ ಮಾತ್ರ
ಇನ್ನೂ ನಿಂತಿರುತ್ತೆ.

ಬಲಗಾಲು ನೆಟ್ಟಗೆ.
ಎಡಗಾಲು ನಾಲ್ಕು ಬೆರಳು ಹಿಂದಕ್ಕೆ.
ನಡುವೆ ಎರಡೂವರೆ ಗೇಣು. ಸಂಕ್ರಾಂತಿಗೆ ಎರಡೇ ಇತ್ತು.
ಹೆಬ್ಬೆರಳ ಕಡೆ ಹುಲ್ಲು ಮಲಗಿದೆ,
ಹಿಮ್ಮಡಿ ಕಡೆ ಒಂದು ಹನಿಯೂ ಒಡೆದಿಲ್ಲ.
ತುಂಬಿದ ಕೊಡ ಹೊತ್ತವಳು ಹಂಗೆ ನಿಂತರೆ
ಬಾವಿ ಕಟ್ಟೆ ದಾಟಲ್ಲ ಸಾರ್.

ಆಮೇಲೆ ಹೆಂಟೆ.
ಸೂಪರ್‌ವೈಸರ್ ಸೆಲ್ವಂ ಅದಕ್ಕೆ ಡಿವೋಟು ಅಂತಾನೆ.
ನಿಮ್ಮ ಕೋಲು ಕಿತ್ತು ಎಸೆದ ಹುಲ್ಲು, ಅದರ ಕೆಳಗಿನ ಕೆಂಪು ಗಾಯ.
ಅದನ್ನ ಮುಚ್ಚೋದಕ್ಕೆ ನನಗೆ ಸಂಬಳ.
ಮುಚ್ಚೋ ಮೊದಲು ಓದೋದಕ್ಕೆ
ಯಾರೂ ಕೊಡಲ್ಲ.

ಬಾಗಲೂರಿನ ಗುಲಾಬಿ ಶೆಡ್ಡಲ್ಲಿ ಆರು ವರ್ಷ ಕಡ್ಡಿ ಕತ್ತರಿಸಿದವಳು ನಾನು.
ಕತ್ತರಿ ಯಾವ ಕಡೆಯಿಂದ ಬಂತು,
ಹಿಡಿದವಳಿಗೆ ಆವತ್ತು ಭುಜ ನೋವಿತ್ತಾ,
ಎಲ್ಲ ಕಡ್ಡಿ ತುದೀಲಿ ಬರೆದಿರುತ್ತೆ.
ಇದೂ ಅದೇ ಅಕ್ಷರ.
ಒಂದು ಮಗ್ಗುಲು ಆಳ, ಇನ್ನೊಂದು ಬರೀ ಗೀಚು.
ಹೊರಗಿಂದ ಒಳಕ್ಕೆ ಎಳೆದಿದ್ದೀರಿ,
ಸೊಂಟ ತಿರುಗೋ ಮೊದಲೇ ಕೈ ಹೊರಟಿದೆ.

ಕೋಚು ಮೂರು ಕಾಲಿನ ಕಡ್ಡಿ ಮೇಲೆ ಫೋನು ನಿಲ್ಲಿಸಿ
ನಿಮ್ಮ ಬೆನ್ನಿನ ಮೇಲೆ ಕೆಂಪು ಗೆರೆ ಎಳೀತಾರಂತೆ,
ತಲೆ ಸುತ್ತ ಒಂದು ಸೊನ್ನೆ.
ಮೊಣಕೈ ಅಂತಾರೆ, ಮಣಿಕಟ್ಟು ಅಂತಾರೆ.
ಹಿಡಿತ ಮೂರು ಸಲ ಬದಲಾಯಿಸಿದ್ರಂತೆ.
ಅಷ್ಟು ಬೆಲೆಯ ಫೋನು,
ಇಬ್ಬನಿ ಕಾಣಲ್ಲ ಅದಕ್ಕೆ.

ನನಗೆ ಕಂಡಿದ್ದು ಇಷ್ಟು:
ಚೆಂಡು ಬಲಗಡೆ ಕೆರೆಗೆ ಹೋದೀತು ಅನ್ನೋ ಹೆದರಿಕೆಗೆ
ನೀವು ಎಡಕ್ಕೆ ತಿರುಗಿ ನಿಲ್ಲೋಕೆ ಶುರು ಮಾಡಿದ್ರಿ.
ಎಡಕ್ಕೆ ನಿಂತಷ್ಟೂ ಅದು ಬಲಕ್ಕೇ ಬಾಗ್ತಾ ಹೋಯ್ತು.
ಬಾಗಿದಷ್ಟೂ ನೀವು ಇನ್ನೊಂದು ಬೆರಳು ಎಡಕ್ಕೆ.

ನಗಾಡ್ತಿಲ್ಲ ಸಾರ್.
ಕೆಲಸ ಹೋದೀತು ಅಂತ
ಇಲ್ಲಿ ಸೇರಿದ ದಿನದಿಂದ ತಮಿಳಿನ ಕಡೆಗೇ ವಾಲಿ ನಿಂತವಳು ನಾನೂ.
ಬಾಯಿ ತೆರೆದರೆ ಮಾತು ಮಾತ್ರ
ನಮ್ಮೂರ ಕಡೆಗೇ ಬಾಗುತ್ತೆ,
ಎಲ್ಲರೂ ನಗ್ತಾರೆ.

ಮೊನ್ನೆ ಟವೆಲ್ ಮರೆತು ವಾಪಸ್ ಬಂದ್ರಿ.
ನಿಮ್ಮ ಹೆಂಟೆ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದೆ.
ಒಡಕು ತಮಿಳಲ್ಲಿ ಏನೋ ಕೇಳಿದ್ರಿ,
ಜಾಗ ಬಿಡು ಅಂತಲೋ, ಕ್ಷಮಿಸು ಅಂತಲೋ.
ನಾನು ಕುಡುಗೋಲಿನ ಹಿಡೀನ ಗಾಯದ ಗುಂಟ ಇಟ್ಟೆ.
ಹಿಡಿ ತೋರಿಸಿದ್ದು ಬಾವುಟ ಅಲ್ಲ,
ಪಂಪ್‌ಹೌಸಿನ ಬಾಗಿಲು.

"ಕಾಲು ಸಾರ್, ಕೈ ಅಲ್ಲ," ಅಂದುಬಿಟ್ಟೆ.
ತಪ್ಪಿ ಬಂದ ಕನ್ನಡ.

ನೀವು ತುಂಬಾ ಹೊತ್ತು ಮಾತಾಡಲಿಲ್ಲ.
ಆಮೇಲೆ ನಿಮ್ಮ ಮೊಣಕಾಲು ಲಟಕ್ ಅಂತು,
ಬಿಳೀ ಪ್ಯಾಂಟಲ್ಲೇ ಪಕ್ಕ ಕೂತ್ರಿ.
"ಎಷ್ಟು ಬೆರಳು?"
"ನಾಲ್ಕು."
ಸೂರ್ಯ ನಿಮ್ಮ ಬೆನ್ನ ಹಿಂದೆ ಇದ್ದ,
ಆವತ್ತೂ ಮುಖ ಕಾಣಲಿಲ್ಲ.

ಇವತ್ತು ನೋಡಿದೆ.
ಎಡಗಾಲು ಎರಡು ಬೆರಳಷ್ಟೇ ಹಿಂದೆ.
ಹಿಮ್ಮಡಿ ಹತ್ತಿರ ಕೆಲವು ಹನಿ ಒಡೆದಿವೆ.
ಹೆಂಟೆ ಪಂಪ್‌ಹೌಸು ಬಿಟ್ಟು
ನೀಲಗಿರಿ ಮರದ ತನಕ ಬಂದಿದೆ.
ಬಾವುಟಕ್ಕೆ ಇನ್ನೂ ದೂರ.
ಚೆಂಡು ಎಲ್ಲಿ ಬಿತ್ತೋ ಗೊತ್ತಿಲ್ಲ,
ಅದು ನನ್ನ ಕೆಲಸ ಅಲ್ಲ.

ಮರಳು ಸುರಿದೆ, ಬೀಜ ಉದುರಿಸಿದೆ,
ಅಂಗಾಲಲ್ಲಿ ತಟ್ಟಿದೆ.
ಸೆಲ್ವಂ ದೂರದಿಂದ ಕೂಗಿದ.
ತಮಿಳಲ್ಲೇ ಓಗೊಟ್ಟೆ.